ಅಜ್ಜ ಗೇಣಿ ಒಕ್ಕಲು, ಈಗ ನಾವೇ ಗೇಣಿ ತಗೊಳ್ಳುತ್ತಿದ್ದೇವೆ. ಗದ್ದೆ ಸೊರಗುತ್ತಿದೆ, ಏನು ಮಾಡಲಿ?

ಗದ್ದೆಬದು

ಬರಹ ಉದ್ದ ಇದೆ, ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಅಜ್ಜ ಗೇಣಿ ಒಕ್ಕಲು. ಗೇಣಿ ಜಮೀನನ್ನು ಉಳುವವರಿಗೇ ಕೊಡುವ 1974ರ ಕಾನೂನು ಬಂದ ಮೇಲೆ ಫಾರಂ ನಂಬರ್ 7 ತುಂಬಿ ಭೂ ನ್ಯಾಯ ಮಂಡಳಿಗೆ ಅರ್ಜಿ ಹಾಕಿದರು. ಮೂರು ಎಕರೆ ಗದ್ದೆ ಅವರ ಹೆಸರಿಗಾಯಿತು. ಆ ಆದೇಶದ ಕಾಗದ ಇವತ್ತಿಗೂ ನಮ್ಮ ಮನೆಯಲ್ಲಿದೆ. ಮಡಿಕೆ ಬಿದ್ದ ಕಡೆ ಹರಿದಿದೆ, ಅಪ್ಪ ಹಿಂದುಗಡೆ ಬಟ್ಟೆ ಅಂಟಿಸಿದ್ದರು. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಆದರೆ ತಮ್ಮ ಹೆಸರು ಎಷ್ಟನೇ ಸಾಲಿನಲ್ಲಿದೆ ಅಂತ ಗೊತ್ತಿತ್ತು. ಬೆರಳಿಟ್ಟು ತೋರಿಸುತ್ತಿದ್ದರು.

ಈಗ ಅಪ್ಪ ಇಲ್ಲ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿ. ಗದ್ದೆಯನ್ನು ಪಕ್ಕದ ಮನೆಯ ಅಕ್ಕ ಮಾಡುತ್ತಿದ್ದಾರೆ. ಏನೂ ಬರೆದಿಲ್ಲ. ವರ್ಷಕ್ಕೆ ಇಷ್ಟು ಚೀಲ ಭತ್ತ ಅಂತ ಬಾಯಿಮಾತು. ಯುಗಾದಿ ಬಂತು ಅಂದರೆ ಅವರು ಅಮ್ಮನ ಹತ್ತಿರ ಬಂದು "ಈ ಸಲವೂ ನಮಗೇ ಇರ್ಲಾ?" ಅಂತ ಕೇಳುತ್ತಾರೆ. ಅಮ್ಮ ಹೂಂ ಅನ್ನುತ್ತಾರೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ.

ಮೊನ್ನೆ ಕೊಯ್ಲಾದ ವಾರ ಊರಿಗೆ ಹೋಗಿದ್ದೆ. ಗದ್ದೆಗೆ ಇಳಿದು ಗುದ್ದಲಿಯಲ್ಲಿ ಒಂದು ಕಡೆ ಅಗೆದೆ. ಮಣ್ಣಿನಲ್ಲಿ ಇನ್ನೂ ಪಸೆ ಇತ್ತು, ಆದರೆ ಹೆಂಟೆ ಒಡೆದರೆ ಇಟ್ಟಿಗೆ ಚೂರಿನ ಹಾಗೆ ಒಡೆಯಿತು. ಮೂರು ಕಡೆ ಅಗೆದರೂ ಒಂದೇ ಒಂದು ಎರೆಹುಳು ಸಿಗಲಿಲ್ಲ. ಕೆಳಗಿನ ಮಡಿಯ ಬದು ಕುಸಿದು, ಮೇಲ್ಮಣ್ಣು ಹಳ್ಳದ ಕಡೆ ಹೋಗಿದೆ. ನಾನು ಚಿಕ್ಕವಳಿದ್ದಾಗ ಪ್ರತಿ ಬೇಸಿಗೆ ಕೊಟ್ಟಿಗೆ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದುದು ನೆನಪಿದೆ. ಈಗ ಬರೀ ಯೂರಿಯಾ.

ಅಕ್ಕನನ್ನು ಕೇಳಿದೆ. ಬೇಜಾರು ಮಾಡಿಕೊಳ್ಳದೆ ಹೇಳಿದರು: "ಈ ವರ್ಷ ಹಾಕಿದ ಗೊಬ್ಬರದ ಸಾರ ಮೂರು ವರ್ಷ ಇರುತ್ತೆ. ಮುಂದಿನ ವರ್ಷ ಗದ್ದೆ ನನ್ನ ಕೈಲೇ ಇರುತ್ತೆ ಅಂತ ಏನು ಗ್ಯಾರಂಟಿ? ನಮ್ಮ ಗೊಬ್ಬರ ನಮ್ಮ ಅಂಗೈಯಗಲ ಹಿತ್ತಲಿಗೆ ಹಾಕ್ಕೋತೀವಿ."

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಜ್ಜ ಇದೇ ಮಾತನ್ನು ಇನ್ನೊಬ್ಬರ ಅಂಗಳದಲ್ಲಿ ನಿಂತು ಹೇಳಿರಬಹುದು ಅಲ್ವಾ?

ನನ್ನ ಪ್ರಶ್ನೆ ಎರಡು. ಅಕ್ಕನಿಗೆ ಐದು ವರ್ಷದ ಕರಾರು ಬರೆದುಕೊಡಬಹುದಾ? ಇನ್ನೊಂದು, ಉಳುವವನೇ ಹೊಲದೊಡೆಯ ಅಂದ ನಾಡಿನಲ್ಲಿ ಐವತ್ತು ವರ್ಷ ಆದ ಮೇಲೂ ಉಳುವವಳ ಹೆಸರು ಎಲ್ಲೂ ಇಲ್ಲದಿರುವುದು ಹೇಗೆ?

---

ಹಳೇ ಸರಪಳಿ

ತಂಗಿ, ನಾನು ಭೂಮಾಪನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೊದಲ ಪ್ರಶ್ನೆಗೆ ನೇರ ಉತ್ತರ: ಬರೆದುಕೊಡಲು ಆಗುವುದಿಲ್ಲ. ಕರ್ನಾಟಕ ಭೂಸುಧಾರಣಾ ಕಾಯಿದೆಯ 5ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಸೈನಿಕರು, ಹಡಗಿನಲ್ಲಿ ದುಡಿಯುವವರು ಇಂಥ ಕೆಲವರಿಗೆ ಮಾತ್ರ ವಿನಾಯಿತಿ ಇತ್ತು. ನೀವು ಕರಾರು ಬರೆದರೆ ಅದು ನಿಮ್ಮಿಬ್ಬರಿಗೂ ರಕ್ಷಣೆ ಕೊಡುವುದಿಲ್ಲ. ನಿಮ್ಮ ವಿರುದ್ಧದ ಸಾಕ್ಷಿ ಆಗಬಹುದು ಅಷ್ಟೆ.

ಈ ನಿಷೇಧ ಸುಮ್ನೆ ಬಂದದ್ದಲ್ಲ. ನಿಮ್ಮದೇ ತಾಲೂಕಿನ ಕಾಗೋಡು ನೆನಪು ಮಾಡಿಕೊಳ್ಳಿ. 1951ರಲ್ಲಿ ಅಲ್ಲಿ ಜಗಳ ಶುರುವಾಗಿದ್ದು ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ಇಟ್ಟಿದ್ದ ಕೊಳಗ ದೊಡ್ಡದು. ಅದರ ಅಳತೆ ಸರಿಯಾಗಿರಲಿ ಅಂತ ಒಕ್ಕಲು ಕೇಳಿದರು. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿಗಳು ಜೊತೆಯಾದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟವನ್ನು ವಿಧಾನಸಭೆಯವರೆಗೆ ಒಯ್ದರು.

1961ರಲ್ಲಿ ಕಾನೂನು ಆಯಿತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆದರೆ ಅದರಲ್ಲಿ ಒಡೆಯರು "ಸ್ವಂತ ಸಾಗುವಳಿ ಮಾಡುತ್ತೇವೆ" ಅಂತ ಜಮೀನು ವಾಪಸ್ ಕೇಳಲು ದಾರಿ ಇತ್ತು. ಎಷ್ಟೋ ಒಕ್ಕಲನ್ನು ಆ ಹತ್ತು ವರ್ಷದಲ್ಲೇ ಬಿಡಿಸಿಬಿಟ್ಟರು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಆ ದಾರಿ ಮುಚ್ಚಿತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಸರ್ಕಾರದಿಂದ ಗೇಣಿದಾರರಿಗೆ. 8 ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು. ಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಹೊರಗಿನ ಸದಸ್ಯರು. ಆರಂಭದಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿಯೇ ಓದು ಬಾರದವರೂ ಧೈರ್ಯವಾಗಿ ನಿಂತು ಮಾತಾಡಿದರು. ನಾನು ಆಗಿನ್ನೂ ಹೊಸಬ, ಸರಪಳಿ ಹಿಡಿದು ಅಳೆಯಲು ಹೋದ ಕಡೆಯೆಲ್ಲ ಊರಿಗೆ ಊರೇ ಹಿಂದೆ ಬರುತ್ತಿತ್ತು. ಕಲ್ಲು ನೆಟ್ಟ ಮೇಲೆ ಒಬ್ಬ ಹೆಂಗಸು ಆ ಕಲ್ಲಿಗೆ ಅರಿಶಿನ ಹಚ್ಚಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಪಹಣಿಯಲ್ಲೇ ಇದೆ. ನಿಮ್ಮ ಪಹಣಿ ತೆಗೆದು ನೋಡಿ. ಕಾಲಂ 9ರಲ್ಲಿ ಮಾಲೀಕರ ಹೆಸರು. ಕಾಲಂ 12ರಲ್ಲಿ ಸಾಗುವಳಿದಾರರ ಹೆಸರಿಗೆ ಜಾಗ ಇದೆ. ಆಗ ಮಂಡಳಿಯ ಮುಂದೆ ಗೇಣಿದಾರರಿಗೆ ಆಧಾರವಾಗಿದ್ದು ಇದೇ ಕಾಲಂ 12. ಅದರ ಬಲ ನೋಡಿದ ಮೇಲೆ ಯಾವ ಮಾಲೀಕರೂ ಅಲ್ಲಿ ಬೇರೆಯವರ ಹೆಸರು ಬರಲು ಬಿಡಲಿಲ್ಲ. ಇವತ್ತು ನೂರು ಪಹಣಿ ತೆಗೆದರೆ ಹೆಚ್ಚುಕಮ್ಮಿ ಎಲ್ಲದರಲ್ಲೂ "ಸ್ವಂತ" ಅಂತಲೇ ಇರುತ್ತದೆ.

---

ಪಡುಗಡಲು

ನಾನು ಇನ್ನೊಂದು ಮನೆಯ ಕಥೆ ಹೇಳುತ್ತೇನೆ. ನಾವು ಜಮೀನು ಕಳೆದುಕೊಂಡವರು. ದಕ್ಷಿಣ ಕನ್ನಡ. ಅಜ್ಜಿ ಚಿಕ್ಕ ವಯಸ್ಸಿಗೇ ವಿಧವೆ. ಇದ್ದ ನಾಲ್ಕು ಎಕರೆಯನ್ನು ತಾನೇ ಉಳಲಾಗದೆ ಚಾಲಗೇಣಿಗೆ, ಅಂದರೆ ವರ್ಷ ವರ್ಷದ ಗೇಣಿಗೆ, ಕೊಟ್ಟಿದ್ದರು. ಅದು ಹೋಯಿತು. ಕಂತಿನಲ್ಲಿ ಬಂದ ಪರಿಹಾರ ನಮ್ಮ ತಂದೆಯ ಓದಿಗೂ ಸಾಕಾಗಲಿಲ್ಲ. ದೊಡ್ಡ ಒಡೆಯರನ್ನೂ ಸಣ್ಣ ವಿಧವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನೋವಿನ ಸಂಗತಿ.

ಹಾಗಂತ ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಜಮೀನು ಸಿಕ್ಕ ಮನೆಯ ಮಕ್ಕಳು ಶಾಲೆಗೆ ಹೋದರು, ಹೆಂಚಿನ ಮನೆ ಕಟ್ಟಿದರು. ನಮ್ಮ ಜಿಲ್ಲೆ ಇವತ್ತು ಹೀಗಿರುವುದರಲ್ಲಿ ಆ ಕಾನೂನಿನ ಪಾಲು ದೊಡ್ಡದು.

ಆದರೆ ಭಯ ಮಾತ್ರ ಉಳಿದುಬಿಟ್ಟಿತು. ಉಳಿದ ಅರ್ಧ ಎಕರೆಯನ್ನು ನಮ್ಮ ತಾಯಿ ಯಾರಿಗೂ ಕೊಡುವುದಿಲ್ಲ. ಒಂದು ವರ್ಷ ಪಕ್ಕದವರು ಮಾಡುತ್ತೇವೆ ಅಂದಾಗ ಅಮ್ಮ ಹಾಕಿದ ಒಂದೇ ಷರತ್ತು: "ಒಂದು ತೆಂಗಿನ ಸಸಿಯನ್ನೂ ನೆಡಬಾರದು." ಮರ ನೆಟ್ಟರೆ ಹಕ್ಕು ಬರುತ್ತದೆ ಅನ್ನುವ ನಂಬಿಕೆ. ಕೊನೆಗೆ ಅವರೂ ಬೇಡ ಅಂದರು. ಗದ್ದೆ ಹಡಿಲು (ಪಾಳು) ಬಿತ್ತು. ನಮ್ಮ ಕಡೆ ಹೀಗೆ ಹಡಿಲು ಬಿದ್ದ ಗದ್ದೆ ಎಷ್ಟೋ ಇವೆ. 2021ರಲ್ಲಿ ಉಡುಪಿ ಕಡೆ ಅಂಥ ಗದ್ದೆಗಳಿಗೆ ಮತ್ತೆ ನೇಜಿ ನೆಡುವ ಆಂದೋಲನವೇ ನಡೆಯಿತು. ಒಂದು ಕಡೆ ಗದ್ದೆ ಇಲ್ಲದ ದುಡಿಯುವ ಕೈ, ಇನ್ನೊಂದು ಕಡೆ ಕೈ ಇಲ್ಲದ ಗದ್ದೆ. ನಡುವೆ ಇರುವುದು ಈ ಹೆದರಿಕೆ ಮಾತ್ರ.

---

ನೀಲಿ ಬಾವುಟ

ಎಲ್ಲರೂ ಗೇಣಿದಾರರು, ಒಡೆಯರು ಅಂತ ಮಾತಾಡುತ್ತಿದ್ದೀರಿ. ನಮ್ಮಜ್ಜ ಎರಡೂ ಅಲ್ಲ. ಜೀತದಾಳು.

1974ರ ಕಾನೂನು ಕೇಳಿದ ಪ್ರಶ್ನೆ ಒಂದೇ: ನೀನು ಗೇಣಿದಾರನಾ? ಗದ್ದೆ ಉತ್ತವರು, ನಾಟಿ ಮಾಡಿದವರು, ಕೊಯ್ದವರು ನಾವೇ. ಆದರೆ ಗೇಣಿಗೆ ಹಿಡಿದವರು ಬೇರೆ ಜಾತಿಯವರು. ಅವರ ಹೆಸರಿಗೆ ಆಯಿತು. ನಮ್ಮಜ್ಜ ಒಡೆಯರ ಗದ್ದೆಯ ಕೂಲಿಯಿಂದ ಹೊಸ ಮಾಲೀಕರ ಗದ್ದೆಯ ಕೂಲಿಗೆ ಬಂದರು. ಉಳುವವನೇ ಒಡೆಯ ಅನ್ನುವ ಮಾತು ನಮ್ಮ ಕೇರಿಗೆ ಬರುವಷ್ಟರಲ್ಲಿ ಅರ್ಥ ಬದಲಾಗಿತ್ತು.

ಮಿತಿ ಮೀರಿದ ಜಮೀನು ನಮಗೆ ಸಿಗಬೇಕಿತ್ತು. ಐದು ಜನರ ಕುಟುಂಬಕ್ಕೆ 10 ಯೂನಿಟ್ ಮಿತಿ ಇತ್ತು. ಕೆಳದರ್ಜೆಯ ಒಣಭೂಮಿ ಆದರೆ ಅದು 54 ಎಕರೆ. ಅಷ್ಟು ದೊಡ್ಡ ಮಿತಿ ಇಟ್ಟ ಮೇಲೆ, ಅದನ್ನೂ ಮಕ್ಕಳು, ಅಳಿಯಂದಿರ ಹೆಸರಿಗೆ ಹಂಚಿಕೊಂಡ ಮೇಲೆ ಹೆಚ್ಚುವರಿ ಅಂತ ಉಳಿಯುವುದಾದರೂ ಎಷ್ಟು?

ನಮಗೆ ನಿಜವಾಗಿ ಆಸರೆಯಾದದ್ದು 1978ರ ಪಿಟಿಸಿಎಲ್ ಕಾಯಿದೆ. ಸರ್ಕಾರ ಪರಿಶಿಷ್ಟರಿಗೆ ಕೊಟ್ಟ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ ವಾಪಸ್ ಕೊಡಿಸುವ ಕಾನೂನು. 2017ರಲ್ಲಿ ಸುಪ್ರೀಂ ಕೋರ್ಟು ತುಂಬಾ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಅಂದಾಗ ಎಷ್ಟೋ ಮನೆಯವರು ಕುಸಿದು ಕೂತರು. ಹೋರಾಟ ಮಾಡಿದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು.

ಬಗರ್ ಹುಕುಂ, ಅಂದರೆ ಅನುಮತಿ ಇಲ್ಲದೆ ಉತ್ತ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡುವ ಕಥೆ ಇನ್ನೊಂದು. ಫಾರಂ 50 ಹಾಕಿದ್ದು ನಮ್ಮಜ್ಜ, 53 ಹಾಕಿದ್ದು ಅಪ್ಪ, 57 ಹಾಕಿದ್ದು ನಾನು. ಜಮೀನು ಅದೇ. ಎರಡು ಎಕರೆ ಕಲ್ಲುಗುಡ್ಡ. ನಮ್ಮಮ್ಮ ಮೂವತ್ತು ವರ್ಷ ಕಲ್ಲು ಆರಿಸಿ ಒಡ್ಡು ಹಾಕಿದ್ದಾರೆ. ಈಗಲೂ ಅಮ್ಮನ ಅಂಗೈ ಮುಟ್ಟಿದರೆ ಒರಟು ಹಲಗೆ ಮುಟ್ಟಿದ ಹಾಗೆ. ಕಾಗದ ಇನ್ನೂ ಬಂದಿಲ್ಲ.

ಅದಕ್ಕೇ, ಗದ್ದೆಬದು ಅವರೇ, ನಿಮ್ಮ ಗದ್ದೆ ಮಾಡುವ ಆ ಅಕ್ಕ ಯಾರು, ಅವರಿಗೆ ಸ್ವಂತ ಜಮೀನು ಎಷ್ಟಿದೆ ಅಂತ ಕೇಳಬೇಕೆನಿಸಿತು. ಜಾತಿ ಕೇಳುತ್ತಿಲ್ಲ. ಹಿಂದೆ ಯಾರನ್ನು ಬಿಟ್ಟು ಮುಂದೆ ಬಂದೆವು ಅನ್ನುವುದು ಗೊತ್ತಿರಲಿ ಅಂತ.

---

ಗದ್ದೆಬದು

ನೀಲಿ ಬಾವುಟ, ನಿಮ್ಮ ಮಾತು ಎದೆಗೆ ತಾಗಿತು. ಅಕ್ಕನಿಗೆ ಹಿತ್ತಲು ಬಿಟ್ಟರೆ ಏನೂ ಇಲ್ಲ. ಅವರ ಅಮ್ಮ ನಮ್ಮ ಅಜ್ಜನ ಗದ್ದೆಗೇ ನಾಟಿಗೆ ಬರುತ್ತಿದ್ದರಂತೆ. ಇದನ್ನು ನಾನು ಇಲ್ಲಿಯವರೆಗೆ ಹೀಗೆ ಯೋಚಿಸಿಯೇ ಇರಲಿಲ್ಲ.

---

ಪುಸ್ತಕದ ಹುಳು

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಬೇರೆ ರಾಜ್ಯಗಳು ಇದೇ ಗಂಟನ್ನು ಹೇಗೆ ಬಿಚ್ಚಿದವು ಅಂತ ನೋಡಿದರೆ ಸಹಾಯ ಆಗಬಹುದು.

ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ ಆಪರೇಷನ್ ಬರ್ಗಾ ಶುರುವಾಯಿತು. ಅಲ್ಲಿ ಜಮೀನಿನ ಒಡೆತನ ಬದಲಾಯಿಸಲಿಲ್ಲ. ಪಾಲಿಗೆ ಉಳುವವರ ಹೆಸರನ್ನು ದಾಖಲೆಗೆ ಸೇರಿಸಿದರು. ಅಧಿಕಾರಿಗಳು ಹಳ್ಳಿಗಳಲ್ಲೇ ಬೀಡುಬಿಟ್ಟು, ಎಲ್ಲರ ಮುಂದೆ ಕೇಳಿ ಬರೆದುಕೊಂಡರು. ಹೆಸರು ಬಂದ ಮೇಲೆ ಸುಮ್ನೆ ಬಿಡಿಸುವಂತಿಲ್ಲ. ಬೀಜ, ಗೊಬ್ಬರ, ಎತ್ತು ಒಡೆಯರು ಕೊಡದಿದ್ದರೆ ಅವರ ಪಾಲು ಕಾಲು ಭಾಗಕ್ಕಿಂತ ಜಾಸ್ತಿ ಇರುವಂತಿಲ್ಲ. ಹಕ್ಕು ಮಕ್ಕಳಿಗೂ ಹೋಗುತ್ತದೆ. ಸುಮಾರು 14 ಲಕ್ಷ ಜನರ ಹೆಸರು ದಾಖಲಾಯಿತು. ಇದರಿಂದ ಇಳುವರಿ ಏರಿತು ಅಂತ ಬ್ಯಾನರ್ಜಿ, ಗರ್ಟ್ಲರ್, ಘಟಕ್ ಅವರ ಅಧ್ಯಯನ 2002ರಲ್ಲಿ ತೋರಿಸಿತು. ಕಾರಣ ನಿಮ್ಮ ಅಕ್ಕ ಹೇಳಿದ್ದೇ: ನಾಳೆ ಬಿಡಿಸುವುದಿಲ್ಲ ಅಂತ ಗೊತ್ತಾದರೆ ಮಣ್ಣಿಗೆ ಹಾಕಲು ಮನಸ್ಸು ಬರುತ್ತದೆ.

ಕೇರಳದಲ್ಲಿ ಕುಟುಂಬಶ್ರೀ ಅನ್ನುವ ಸ್ವಸಹಾಯ ಸಂಘಗಳ ಜಾಲದ ಹೆಂಗಸರು ಗುಂಪು ಕಟ್ಟಿಕೊಂಡು ಬೇರೆಯವರ ಜಮೀನು ಪಡೆದು ಬೆಳೆಯುತ್ತಾರೆ. ಗುಂಪಿಗೆ ಬ್ಯಾಂಕ್ ಸಾಲವೂ ಸಿಗುತ್ತದೆ. ಆಂಧ್ರ 2011ರಲ್ಲಿ ಗೇಣಿ ರೈತರಿಗೆ ಗುರುತಿನ ಚೀಟಿ ಕೊಡುವ ಕಾನೂನು ಮಾಡಿತು, 2019ರಲ್ಲಿ ಅದನ್ನು ಬದಲಿಸಿ 11 ತಿಂಗಳ ಕರಾರಿನ ಪದ್ಧತಿ ತಂದಿತು, ಮಾಲೀಕರ ಸಹಿ ಬೇಕೇಬೇಕು ಅಂತ. ಇಲ್ಲಿ ನನಗೆ ಎರಡು ತಕರಾರು ಇವೆ. ಸಹಿ ಹಾಕಲು ಮಾಲೀಕರು ಹೆದರುತ್ತಾರೆ. ಅದಲ್ಲದೆ 11 ತಿಂಗಳು ಅಂದರೆ ಒಂದು ಬೆಳೆ. ಗೊಬ್ಬರದ ಸಾರ ಮೂರು ವರ್ಷ ಇರುತ್ತದೆ ಅನ್ನುವವರಿಗೆ 11 ತಿಂಗಳ ಚೀಟಿಯಿಂದ ಏನು ಪ್ರಯೋಜನ? 2016ರಲ್ಲಿ ನೀತಿ ಆಯೋಗ ಮಾದರಿ ಗುತ್ತಿಗೆ ಕಾಯಿದೆಯ ಕರಡು ಕೊಟ್ಟಿತು. ಅದರಲ್ಲಿ ಅವಧಿಯನ್ನು ಇಬ್ಬರೂ ಮಾತಾಡಿಕೊಂಡು ಗೊತ್ತು ಮಾಡಬಹುದು. ಕರ್ನಾಟಕ ಅದನ್ನು ತಗೊಂಡಿಲ್ಲ.

ಇನ್ನೊಂದು ಲೆಕ್ಕ. ಕೃಷಿ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 3.20 ಹೆಕ್ಟೇರ್ ಇತ್ತು, 2015-16ರ ಹೊತ್ತಿಗೆ 1.36 ಹೆಕ್ಟೇರ್‌ಗೆ ಇಳಿದಿದೆ. ಇಷ್ಟು ಸಣ್ಣ ತುಂಡಿನಿಂದ ಮನೆ ನಡೆಯದೆ ಜನ ಪೇಟೆಗೆ ಹೋಗುತ್ತಾರೆ. ಜಮೀನು ಮಾರುವುದಿಲ್ಲ, ಯಾರಿಗೋ ಬಾಯಿಮಾತಲ್ಲಿ ಕೊಡುತ್ತಾರೆ. ಹಾಗಾಗಿ ಈ ಗುಟ್ಟಿನ ಗೇಣಿ ಇನ್ನೂ ಜಾಸ್ತಿ ಆಗುತ್ತದೆ ಅಂತಲೇ ನನ್ನ ಅಂದಾಜು.

---

ಎರೆಹೊಲ

ಕೊಪ್ಪಳ ಕಡೆಯವನು. ನಮ್ಮಲ್ಲಿ ಗೇಣಿಗೆ ಲಾವಣಿ ಅಂತಾರೆ. ನಾನು ಆರು ಎಕರೆ ಲಾವಣಿ ಮಾಡುವವನು, ಅಂದರೆ ನಿಮ್ಮ ಅಕ್ಕನ ಜಾಗದಲ್ಲಿ ನಿಂತು ಮಾತಾಡುತ್ತಿದ್ದೇನೆ.

ಲಾವಣಿ ದುಡ್ಡು ಮೊದಲೇ ಎಣಿಸಬೇಕು. ಮಳೆ ಬರಲಿ, ಬಿಡಲಿ. ಬ್ಯಾಂಕಿಗೆ ಹೋದರೆ ಪಹಣಿ ತೋರಿಸು ಅಂತಾರೆ. ಪಹಣಿ ನನ್ನದಲ್ಲ. ಹಾಗಾಗಿ ಬಡ್ಡಿ ಸಾಲ. ಬಡ್ಡಿ ಕಟ್ಟಬೇಕು ಅಂದರೆ ದುಡ್ಡಿನ ಬೆಳೆಯೇ ಬೇಕು. ಜೋಳ, ಕಡಲೆ ಬಿಟ್ಟು ಹತ್ತಿ, ಮೆಣಸಿನಕಾಯಿ ಹಾಕಿದೆ. ಅದಕ್ಕೆ ಔಷಧಿ ಹೊಡೆದೆ, ಗೊಬ್ಬರದ ಚೀಲ ಸುರಿದೆ. ಆ ಹೊಲದ ಮಣ್ಣು ಕೆಡುತ್ತಿದೆ ಅಂತ ನನಗೆ ಗೊತ್ತು. ರೈತನ ಮಗ ನಾನು, ಗೊತ್ತಾಗದೆ ಇರುತ್ತಾ? ನನ್ನ ಸ್ವಂತ ಒಂದೂವರೆ ಎಕರೆಯಲ್ಲಿ ಜೋಳದ ಸಾಲಿನ ನಡುವೆ ಇವತ್ತಿಗೂ ತೊಗರಿ ಹಾಕುತ್ತೇನೆ. ಅದರ ಎಲೆ ಉದುರಿ ನೆಲ ಮೆತ್ತಗಾಗುತ್ತದೆ. ಲಾವಣಿ ಹೊಲಕ್ಕೆ ಹಾಗೆ ಮಾಡಲು ನನ್ನ ಕೈಲಿ ಆಗುವುದಿಲ್ಲ.

ಒಂದು ವರ್ಷ ಆಲಿಕಲ್ಲು ಬಿದ್ದು ಮೆಣಸಿನಗಿಡ ಎಲ್ಲಾ ನೆಲಕಚ್ಚಿತು. ಪರಿಹಾರ ಬಂತು, ಪಹಣಿ ಇದ್ದವರ ಖಾತೆಗೆ. ಅವರು ಒಳ್ಳೆಯವರು, ಅರ್ಧ ಕೊಟ್ಟರು. ಅರ್ಧ ಕೊಟ್ಟಿದ್ದಕ್ಕೆ ನಾನು ಕೈಮುಗಿಯಬೇಕಾಯಿತು. ವರ್ಷಕ್ಕೆ 6,000 ಕೊಡುವ ಕಿಸಾನ್ ಸಮ್ಮಾನ್ ಕೂಡ ಜಮೀನಿನ ಹೆಸರಿನ ಮೇಲೆ ಹೋಗುತ್ತದೆ, ಬೆವರಿನ ಮೇಲೆ ಅಲ್ಲ.

ಆದರೆ ಪುಸ್ತಕದ ಹುಳು, ಗುತ್ತಿಗೆ ಕಾನೂನುಬದ್ಧ ಮಾಡಿಬಿಡಿ ಅಂತ ಒಂದೇ ಸಾಲಿನಲ್ಲಿ ಹೇಳಲು ನನಗೆ ಹೆದರಿಕೆ. 2020ರ ತಿದ್ದುಪಡಿ ನೋಡಿದ್ದೀರಿ. ಬೇಸಾಯದ ಹಿನ್ನೆಲೆ ಇಲ್ಲದವರು, 25 ಲಕ್ಷಕ್ಕೂ ಜಾಸ್ತಿ ವರಮಾನ ಇದ್ದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂ ತೆಗೆದರು. ಹಿಡುವಳಿ ಮಿತಿಯನ್ನೂ ಎರಡು ಪಟ್ಟು ಮಾಡಿದರು. ಹಸಿರು ಶಾಲಿನವರು ಬೀದಿಗೆ ಬಂದರೂ ನಿಲ್ಲಲಿಲ್ಲ. ಈಗ ಗುತ್ತಿಗೆಯ ಬಾಗಿಲನ್ನೂ ಹಾಗೇ ತೆರೆದರೆ, ಐವತ್ತು ಎಕರೆ ಒಟ್ಟಿಗೆ ಕೇಳುವವರ ಮುಂದೆ ಆರು ಎಕರೆ ಕೇಳುವ ನಾನು ನಿಲ್ಲಲು ಆಗುತ್ತಾ? ಕಾನೂನು ತರುವುದಾದರೆ ಊರಿನ ಸಣ್ಣ ರೈತರಿಗೆ, ಜಮೀನಿಲ್ಲದವರಿಗೆ, ಹೆಂಗಸರ ಗುಂಪಿಗೆ ಮೊದಲ ಹಕ್ಕು ಅಂತ ಬರೆದು ತರಲಿ. ಕಡಿಮೆ ಅಂದರೂ ಐದು ವರ್ಷ ಅಂತ ಬರೆಯಲಿ.

---

ಮುಳುಗಡೆ ಮೊಮ್ಮಗ

ಸಾಗರದ ಮಾತು ಬಂದಿದ್ದಕ್ಕೆ ಎರಡೇ ಸಾಲು. ಕಾಗೋಡಿನಲ್ಲಿ ಭೂಮಿಗಾಗಿ ಹೋರಾಟ ನಡೆದ ಅದೇ ಸೀಮೆಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರು ಮುಳುಗಿ ನಮ್ಮಂಥ ಸಾವಿರಾರು ಮನೆಯವರು ಕಾಡಿನ ಅಂಚಿಗೆ ಬಂದು ನೆಲೆ ನಿಂತೆವು. ನಾಡಿಗೆಲ್ಲ ದೀಪ ಕೊಟ್ಟ ಜನರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದೇವೆ. ಭೂಸುಧಾರಣೆ ಮುಗಿದ ಕಥೆ ಅನ್ನುವವರು ಒಮ್ಮೆ ನಮ್ಮ ಕಡೆ ಬಂದು ಹೋಗಿ.

---

ಕೆರೆಕೋಡಿ

ಕೋಲಾರದಿಂದ. ನಾನು ಗೊಬ್ಬರದ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕಂದರೆ ಕಾಗದ ಇದ್ದರೂ ಗೊಬ್ಬರ ಎಲ್ಲಿಂದ ಬರಬೇಕು ಅನ್ನುವುದನ್ನು ಯಾರೂ ಕೇಳುತ್ತಿಲ್ಲ.

ಗೊಬ್ಬರಕ್ಕೆ ದನ ಬೇಕು. ದನಕ್ಕೆ ಗೋಮಾಳ ಬೇಕು. ನಿಯಮದ ಪ್ರಕಾರ ಪ್ರತಿ 100 ದನಕ್ಕೆ 30 ಎಕರೆ ಗೋಮಾಳ ಇರಬೇಕು. ನಮ್ಮೂರಿನ ಗೋಮಾಳದಲ್ಲಿ ಮೊದಲು ನೀಲಗಿರಿ ಬಂತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಹೆಸರಿಟ್ಟು ಎಲ್ಲೆಲ್ಲೂ ನೆಟ್ಟರು. ಧಾರವಾಡ ಸೀಮೆಯ ಕುಸನೂರಿನಲ್ಲಿ ಊರಿನವರು 1987ರಲ್ಲಿ ನೀಲಗಿರಿ ಕಿತ್ತು, ಆ ಜಾಗದಲ್ಲಿ ಜನಕ್ಕೆ ಬೇಕಾದ ಗಿಡ ನೆಟ್ಟು ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಮಾಡಿದರು. ಸಮುದಾಯದ ಭೂಮಿ ಕಾರ್ಖಾನೆಯ ಕಟ್ಟಿಗೆಗೆ ಹೋಗಬಾರದು ಅನ್ನುವುದು ಅವರ ಮಾತು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಮೂವತ್ತು ವರ್ಷ ಬೇಕಾಯಿತು.

ಆಮೇಲೆ ಗೋಮಾಳವನ್ನು ಸೈಟು, ಕಟ್ಟಡ, ಅದು ಇದು ಅಂತ ತುಂಡು ತುಂಡಾಗಿ ಕೊಟ್ಟರು. ನೀಲಿ ಬಾವುಟ ಅವರೇ, ಜಮೀನಿಲ್ಲದವರಿಗೆ ಕೊಟ್ಟಿದ್ದನ್ನು ನಾನು ಪ್ರಶ್ನಿಸುತ್ತಿಲ್ಲ. ಅವರಿಗಿಂತ ಜಾಸ್ತಿ ನುಂಗಿದವರು ಬೇರೆ ಇದ್ದಾರೆ. ದನ ಮೇಯಿಸಲು ಜಾಗ ಇಲ್ಲದೆ ಜನ ದನ ಮಾರಿದರು. ನಮ್ಮ ಬೀದಿಯಲ್ಲಿ ಹತ್ತು ಮನೆಗೆ ಈಗ ಎರಡೇ ಕೊಟ್ಟಿಗೆ.

ನಮ್ಮಲ್ಲಿ ಉಳಿದಿರುವ ಒಂದು ಆಸೆ ಕೆರೆ ಹೂಳು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳು ತೆಗೆದು ಹೊಲಕ್ಕೆ ಹೊಡೆಯುವುದು ಹಳೆಯ ಪದ್ಧತಿ. ಕಪ್ಪಗೆ, ಜಿಗುಟು ಮಣ್ಣು. ಕೆಂಪು ಹೊಲಕ್ಕೆ ಹಾಕಿದರೆ ನೀರು ಹಿಡಿದಿಡುತ್ತದೆ. ಒಂದು ಸಲ ಹಾಕಿದರೆ ಹಲವು ವರ್ಷ ಕೆಲಸ ಮಾಡುತ್ತದೆ. ಅದಕ್ಕೇ ಅದನ್ನು ಹೊಡೆಸುವವರು ಮಾಲೀಕರೇ ಹೊರತು ವಾರಕ್ಕೆ, ಅಂದರೆ ಪಾಲಿಗೆ, ಮಾಡುವವರಲ್ಲ.

---

ಎರೆಹೊಲ

ಕೆರೆಕೋಡಿ ಹೇಳಿದ್ದರಲ್ಲೇ ಗದ್ದೆಬದು ಅವರಿಗೆ ಉತ್ತರ ಇದೆ ನೋಡಿ. ಕರಾರು ಬರೆಯಲು ಆಗುವುದಿಲ್ಲ ಸರಿ. ಆದರೆ ಹತ್ತು ವರ್ಷ ಉಳಿಯುವ ಕೆಲಸದ ಖರ್ಚು ಜಮೀನು ಯಾರದೋ ಅವರು ಹೊರಲಿ. ಬದು, ಹೂಳು, ಕೊಟ್ಟಿಗೆ ಗೊಬ್ಬರ, ಕಾಲುವೆ. ಬೆಳೆಯ ಖರ್ಚು ಉಳುವವರು ನೋಡಿಕೊಳ್ಳಲಿ. ನನ್ನ ಹೊಲದ ಮಾಲೀಕರು ಒಂದು ವರ್ಷ ಹೀಗೆ ಮಾಡಿದ್ದರೂ ನಾನು ಮೆಣಸಿನಕಾಯಿ ಬಿಟ್ಟು ಕಡಲೆಗೆ ಬರುತ್ತಿದ್ದೆ. ಜೊತೆಗೆ ಪರಿಹಾರದ ದುಡ್ಡು ಬಂದರೆ ಯಾರಿಗೆ ಎಷ್ಟು ಅಂತ ಮಳೆಗಾಲಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ನಷ್ಟ ಆದ ಮೇಲೆ ಮಾತಾಡಿದರೆ ಅದು ಭಿಕ್ಷೆ ಕೇಳಿದ ಹಾಗಾಗುತ್ತದೆ.

---

ಹಳೇ ಸರಪಳಿ

ತಂಗಿ, ಅದೆಲ್ಲ ಮಾಡುವ ಮೊದಲು ಒಂದು ವಿಷಯ. ಪಹಣಿ ಈಗ ಯಾರ ಹೆಸರಿನಲ್ಲಿದೆ?

---

ಗದ್ದೆಬದು

ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಪ್ಪ ಎರಡು ಸಲ ಕಚೇರಿಗೆ ಹೋಗಿ ಬಂದರು. ಒಂದು ಸಲ ನಕ್ಷೆ ಇಲ್ಲ ಅಂದರಂತೆ, ಇನ್ನೊಂದು ಸಲ ಅತ್ತೆಯಂದಿರ ಸಹಿ ಬೇಕು ಅಂದರಂತೆ. ಅತ್ತೆಯಂದಿರನ್ನು ಕೇಳಲು ಅಪ್ಪನಿಗೆ ಮುಜುಗರ. ಅಲ್ಲಿಗೇ ನಿಂತಿತು.

---

ಹಳೇ ಸರಪಳಿ

ಇದೇ ನನ್ನ ಹೊಟ್ಟೆ ಉರಿಸುವುದು. ಮಂಡಳಿ ಆದೇಶ ಕೊಟ್ಟಿತು, ಹೆಸರು ಬಂತು. ಆದರೆ ಎಷ್ಟೋ ಕಡೆ ಪೋಡಿ ಆಗಲಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಐದು ಜನರಿಗೆ ಕೊಟ್ಟು, ಯಾರದು ಎಲ್ಲಿಂದ ಎಲ್ಲಿಗೆ ಅಂತ ನಕ್ಷೆಯಲ್ಲಿ ಬಿಡಿಸಲಿಲ್ಲ. 2000ನೇ ಇಸವಿಯಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಆದರೆ ಕಾಗದದಲ್ಲಿ ಬಿಡಿಸದ ಗಂಟು ಕಂಪ್ಯೂಟರಿನಲ್ಲೂ ಗಂಟಾಗೇ ಉಳಿಯಿತು.

ಮೊದಲು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಹಾಕಿ. ಸರ್ವೆ ಮಾಡಿಸಿ, ಕಲ್ಲು ಹಾಕಿಸಿ. ನೀವು ಹೆಣ್ಣುಮಗಳು ಅಂತ ಹಿಂದೆ ಸರಿಯಬೇಡಿ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಅತ್ತೆಯಂದಿರಿಗೂ ಅವರ ಪಾಲಿನ ವಿಷಯ ಮುಚ್ಚಿಡದೆ ಹೇಳಿ. ಸಹಿ ಹಾಕಿಸಿಕೊಳ್ಳುವುದು ಬೇರೆ, ಕೇಳುವುದು ಬೇರೆ. ನಿಮ್ಮದೇ ಹಕ್ಕು ಗಟ್ಟಿ ಇಲ್ಲದಿದ್ದರೆ ಆ ಅಕ್ಕನಿಗೆ ಐದು ವರ್ಷದ ಮಾತು ಯಾವ ಬಾಯಲ್ಲಿ ಕೊಡುತ್ತೀರಿ?

---

ಪಡುಗಡಲು

ಈ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದೆ. "ಫಾರಂ 7ರ ಅವಧಿ 1979ಕ್ಕೇ ಮುಗಿದಿದೆ ಅಮ್ಮ, ಈಗ ಯಾರೂ ಹಾಗೆ ಕೇಳಲು ಆಗುವುದಿಲ್ಲ" ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಗದ್ದೆಯಲ್ಲಿ ಗಿಡಗಂಟಿ ಎಷ್ಟು ಬೆಳೆದಿದೆ ಅಂತ ಕೇಳಿದರು. ಇಷ್ಟೇ ಸುದ್ದಿ, ಆದರೆ ನನಗೆ ದೊಡ್ಡದು.

---

ಗದ್ದೆಬದು

ನಾಲ್ಕು ತಿಂಗಳಾಯಿತು. ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಅತ್ತೆಯಂದಿರ ಮನೆಗೆ ಅಮ್ಮ, ತಮ್ಮ, ನಾನು ಒಟ್ಟಿಗೆ ಹೋದೆವು. ದೊಡ್ಡತ್ತೆ ಅಜ್ಜನ ಆದೇಶದ ಕಾಗದ ನೋಡಿ ಅತ್ತರು. ತಮ್ಮ ಪಾಲು ಕೇಳುವುದಿಲ್ಲ ಅಂದರು, ಚಿಕ್ಕತ್ತೆ ಕೇಳುತ್ತೇನೆ ಅಂದರು. ಇಬ್ಬರ ಹೆಸರನ್ನೂ ಸೇರಿಸಿಯೇ ಅರ್ಜಿ ಹಾಕಿದ್ದೇವೆ. ಮನಸ್ಸು ಹಗುರವಾಗಿದೆ. ಸರ್ವೆಗೆ ದಿನ ಕೊಟ್ಟಿದ್ದಾರೆ.

ಗದ್ದೆಯ ಬದು ಕಟ್ಟಿಸಿದೆವು. ನಾಲ್ಕು ಜನ, ಆರು ದಿನ. ಖರ್ಚು ನಮ್ಮದು. ಕೊಟ್ಟಿಗೆ ಗೊಬ್ಬರ ಎಂಟು ಲೋಡು ಹೊಡೆಸಿದೆವು. ಅರ್ಧ ಅಕ್ಕನ ಕೊಟ್ಟಿಗೆಯದೇ, ಅದಕ್ಕೆ ಪೇಟೆಯ ದರ ಕೊಟ್ಟೆವು. ಪರಿಹಾರ ಏನಾದರೂ ಬಂದರೆ ಬೆಳೆಗೆ ದುಡ್ಡು ಹಾಕಿದವರಿಗೇ ಪೂರ್ತಿ ಅಂತ ಮಾತಾಯಿತು. ಈ ವರ್ಷದಿಂದ ಯುಗಾದಿಗೆ ಬಂದು ಕೇಳುವುದು ಬೇಡ, ಐದು ವರ್ಷ ನಿಮ್ಮದೇ ಅಂತ ಅಮ್ಮ ಊರಿನ ನಾಲ್ಕು ಜನರ ಮುಂದೆ ಹೇಳಿದರು. ಕಾನೂನಿನ ಮುಂದೆ ಈ ಮಾತಿಗೆ ಬೆಲೆ ಇಲ್ಲ ಅಂತ ನನಗೆ ಗೊತ್ತು. ಅದಕ್ಕಾಗಿಯೇ ಎರೆಹೊಲ ಅವರು ಹೇಳಿದ್ದನ್ನೆಲ್ಲ, ಐದು ವರ್ಷದ ಅವಧಿ, ಜಮೀನಿಲ್ಲದವರಿಗೆ ಮೊದಲ ಹಕ್ಕು ಎರಡನ್ನೂ ಬರೆದು, ನಮ್ಮ ಗ್ರಾಮಸಭೆಯಲ್ಲಿ ಓದಿದೆ. ಸರ್ಕಾರಕ್ಕೆ ಕಳಿಸಲು ನಿರ್ಣಯ ಮಾಡಿ ಅಂತ ಕೇಳಿದೆ. ಕೆಲವರು ಎದ್ದು ಹೋದರು. ಹದಿನೇಳು ಜನ ಸಹಿ ಹಾಕಿದರು, ಅದರಲ್ಲಿ ಹನ್ನೆರಡು ಹೆಂಗಸರು.

ನಿನ್ನೆ ಅಕ್ಕ ಫೋನ್ ಮಾಡಿದ್ದರು. ಮಳೆ ಹಿಡಿಯುವ ಮೊದಲು ಬದುವಿನ ಉದ್ದಕ್ಕೂ ಗೊಬ್ಬರದ ಗಿಡದ ಗೂಟ ಊರಲಾ ಅಂತ ಕೇಳಿದರು. "ಸೊಪ್ಪು ಕೊಯ್ಯೋಕೆ ಎರಡು ವರ್ಷ ಬೇಕು. ಅಲ್ಲಿವರೆಗೆ ಇರ್ತೀನಲ್ಲ, ಅದಕ್ಕೆ ಕೇಳಿದೆ."

ಊರಿ ಅಂದೆ. ಭಾನುವಾರ ನಾನೂ ಹೋಗುತ್ತಿದ್ದೇನೆ.